ಯುದ್ಧ ಮುಗಿದ ಮೇಲೆ ಕೆಲಸ ಉಳಿಯುತ್ತಾ? ಸೇನಾಧಿಕಾರಿಯೊಬ್ಬರ ಆಪ್ತಸಲಹೆ ಪ್ರಕರಣ

ಅಮೆರಿಕದ ದೊಡ್ಡ ಸೇನಾ ನೆಲೆಯೊಂದರ ಪಕ್ಕದ ಊರಿನಲ್ಲಿ ನಾನು ಆಪ್ತಸಲಹೆಗಾರ್ತಿ. ಇದು 2014ರ ಪ್ರಕರಣ. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ. ಹೆಸರೂ ಬೇಡ, ಅವರನ್ನು ಕ್ಯಾಪ್ಟನ್ ಅಂತಲೇ ಕರೆಯುತ್ತೇನೆ. ಕೆಲಸ ಹೋಗಬಹುದು ಅನ್ನುವ ಸುದ್ದಿ ಬಂದು, ಹೋಗುತ್ತದೋ ಉಳಿಯುತ್ತದೋ ತಿಳಿಯದೆ ತಿಂಗಳುಗಟ್ಟಲೆ ಕಾಯುವುದು ಎಷ್ಟು ಕಷ್ಟ ಅಂತ ಈ ಪ್ರಕರಣದಲ್ಲಿ ಹತ್ತಿರದಿಂದ ನೋಡಿದೆ. ಆಗ ಕೊಟ್ಟ ಸಲಹೆಗಳಲ್ಲಿ ಕೆಲವಾದರೂ ಬೇರೆಯವರಿಗೆ ಉಪಯೋಗಕ್ಕೆ ಬಂದಾವು.

ಕ್ಯಾಪ್ಟನ್‌ಗೆ ಆಗ 32 ವರ್ಷ. 2001ರ ಸೆಪ್ಟೆಂಬರ್ ದಾಳಿ ಆದ ಕೆಲವೇ ತಿಂಗಳಿಗೆ, ಅಂದರೆ 2002ರ ಶುರುವಿನಲ್ಲಿ, ಸಾಮಾನ್ಯ ಸಿಪಾಯಿಯಾಗಿ ಸೇರಿದವರು. ಸಾರ್ಜೆಂಟ್ ಆದರು. ಇರಾಕ್ ಯುದ್ಧ ಜೋರಾಗಿದ್ದಾಗ ಸೇನೆಗೆ ಅಧಿಕಾರಿಗಳ ಕೊರತೆ ಬಂತು. ಒಳ್ಳೆಯ ಸಾರ್ಜೆಂಟ್‌ಗಳನ್ನು ಹುಡುಕಿ ಹುಡುಕಿ ಅಧಿಕಾರಿ ತರಬೇತಿಗೆ ಕಳಿಸಿದರು. ಇವರೂ ಹೋಗಿ 2007ರಲ್ಲಿ ಲೆಫ್ಟಿನೆಂಟ್ ಆಗಿ ಹೊರಬಂದರು. ಇರಾಕ್‌ಗೆ ಎರಡು ಸಲ, ಅಫ್ಘಾನಿಸ್ತಾನಕ್ಕೆ ಒಂದು ಸಲ ಹೋಗಿಬಂದಿದ್ದರು. ಅಫ್ಘಾನಿಸ್ತಾನದಲ್ಲಿ ಕಂಪನಿ ಅಂತ ಕರೆಯುವ, ಸುಮಾರು 130 ಜನರ ಸೇನಾ ತುಕಡಿಯೊಂದರ ಕಮಾಂಡರ್ ಆಗಿದ್ದರು. ನನ್ನ ಹತ್ತಿರ ಬಂದಾಗ ಬ್ರಿಗೇಡ್ ಕಚೇರಿಯಲ್ಲಿ ಸಾಮಗ್ರಿ ಸರಬರಾಜಿನ ಕೆಲಸ ನೋಡುತ್ತಿದ್ದರು. ಮನೆಯಲ್ಲಿ ಹೆಂಡತಿ, 7 ವರ್ಷದ ಮಗಳು, 3 ವರ್ಷದ ಮಗ.

ಬಂದಿದ್ದು ಫೆಬ್ರವರಿ ಕೊನೆಯ ವಾರ. ಆ ತಿಂಗಳ 24ರಂದು ರಕ್ಷಣಾ ಕಾರ್ಯದರ್ಶಿ ಚಕ್ ಹೇಗಲ್ ಹೊಸ ಬಜೆಟ್ ಪ್ರಸ್ತಾಪ ಮುಂದಿಟ್ಟಿದ್ದರು. ಯುದ್ಧಕಾಲದಲ್ಲಿ ಸುಮಾರು 5,70,000ಕ್ಕೆ ಏರಿದ್ದ ಸೇನೆಯನ್ನು 4,90,000ಕ್ಕೆ ಇಳಿಸುವುದು 2012ರಲ್ಲೇ ತೀರ್ಮಾನವಾಗಿತ್ತು. ಈಗ ಅದನ್ನು 4,40,000ದಿಂದ 4,50,000ಕ್ಕೆ ಇಳಿಸುವ ಮಾತು. ಎರಡನೇ ಮಹಾಯುದ್ಧಕ್ಕೆ ಸಿದ್ಧತೆ ನಡೆಸಿದ ಕಾಲದಿಂದ ಈಚೆಗೆ ಇಷ್ಟು ಚಿಕ್ಕ ಸೇನೆ ಇರಲೇ ಇಲ್ಲ ಅಂತ ಪತ್ರಿಕೆಗಳಲ್ಲಿ ದೊಡ್ಡ ಅಕ್ಷರದಲ್ಲಿ ಬಂತು.

ಕ್ಯಾಪ್ಟನ್ ಭಯಕ್ಕೆ ಅದಕ್ಕಿಂತ ಹತ್ತಿರದ ಕಾರಣವೊಂದಿತ್ತು. 2006, 2007 ಮತ್ತು 2008ರಲ್ಲಿ ಅಧಿಕಾರಿಗಳಾದ ತಂಡಗಳ ಕ್ಯಾಪ್ಟನ್‌ಗಳ ಕಡತಗಳನ್ನು ಒಂದು ಬೋರ್ಡ್ ಪರಿಶೀಲಿಸಿ, ಹೆಚ್ಚುವರಿಯಾದವರನ್ನು ಮನೆಗೆ ಕಳಿಸುತ್ತದೆ ಅಂತ ಹಿಂದಿನ ಡಿಸೆಂಬರ್‌ನಲ್ಲೇ ಆದೇಶ ಬಂದಿತ್ತು. ಯುದ್ಧಕ್ಕೆ ಬೇಕು ಅಂತ ಜಾಸ್ತಿ ಸೇರಿಸಿಕೊಂಡು, ಬಹುತೇಕ ಎಲ್ಲರಿಗೂ ಬಡ್ತಿ ಕೊಟ್ಟ ವರ್ಷಗಳವು. ಇವರದು 2007ರ ತಂಡ.

ಒಳಗೆ ಬಂದವರು ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ಮ್ಯಾಮ್, ನಾನಿಲ್ಲಿಗೆ ಬಂದಿದ್ದು ನನ್ನ ಫೈಲಿಗೆ ಹೋಗುತ್ತಾ?"

ಹೋಗುವುದಿಲ್ಲ ಅಂದೆ. ಸೈನಿಕರಿಗೆ ಮತ್ತು ಅವರ ಮನೆಯವರಿಗೆ ಮಿಲಿಟರಿ ಒನ್‌ಸೋರ್ಸ್ ಅನ್ನುವ ಸರ್ಕಾರಿ ವ್ಯವಸ್ಥೆಯಲ್ಲಿ ಒಂದು ಸಮಸ್ಯೆಗೆ 12 ಭೇಟಿಗಳ ತನಕ ಉಚಿತ ಸಲಹೆ ಸಿಗುತ್ತದೆ. ಇದರ ವಿಷಯ ಕಮಾಂಡರ್‌ಗೆ ಹೋಗುವುದಿಲ್ಲ. ದಾಂಪತ್ಯ, ಕುಟುಂಬದ ಚಿಂತೆ, ಯುದ್ಧದಿಂದ ಬಂದ ಮೇಲೆ ಹೊಂದಿಕೊಳ್ಳುವ ಕಷ್ಟ ಇಂಥದ್ದಕ್ಕೆ ಪಡೆದ ಸಲಹೆಯನ್ನು ಭದ್ರತಾ ಪರಿಶೀಲನೆಯ ಅರ್ಜಿಯಲ್ಲಿ ಬರೆಯಬೇಕಾಗಿಯೂ ಇಲ್ಲ. ತನ್ನ ಅಥವಾ ಬೇರೆಯವರ ಜೀವಕ್ಕೆ ಅಪಾಯ, ಮನೆಯಲ್ಲಿ ಹಿಂಸೆ, ಇಂಥ ಸಂದರ್ಭದಲ್ಲಿ ಮಾತ್ರ ನಾನು ಬಾಯಿ ಮುಚ್ಚಿಕೊಂಡಿರುವಂತಿಲ್ಲ. ಅದನ್ನೂ ಮೊದಲೇ ಹೇಳಿದೆ. ಈ ಒಂದು ಅನುಮಾನದಿಂದಲೇ ಎಷ್ಟೋ ಅಧಿಕಾರಿಗಳು ಸಲಹೆಗಾರರ ಬಾಗಿಲಿಗೇ ಬರುವುದಿಲ್ಲ. ಬರುವ ಹೊತ್ತಿಗೆ ತಡವಾಗಿರುತ್ತದೆ.

ಆಮೇಲೆ ಮಾತು ಹೊರಗೆ ಬಂತು. ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತಂತೆ. ಎದ್ದು ಹೋಗಿ ತಮ್ಮ ಹಳೆಯ ಮೌಲ್ಯಮಾಪನ ವರದಿಗಳನ್ನು ಓದುತ್ತಾರಂತೆ. ಸೇನೆಯಲ್ಲಿ ಪ್ರತಿ ಅಧಿಕಾರಿಯ ಬಗ್ಗೆಯೂ ಮೇಲಧಿಕಾರಿಗಳು ಇಂಥ ವರದಿ ಬರೆಯುತ್ತಾರೆ. ಹಿರಿಯ ಮೌಲ್ಯಮಾಪಕರು ಅತ್ಯುನ್ನತ ಗುರುತನ್ನು ತಮ್ಮ ಕೈಕೆಳಗಿನವರಲ್ಲಿ ಅರ್ಧಕ್ಕಿಂತ ಕಡಿಮೆ ಜನರಿಗೆ ಮಾತ್ರ ಕೊಡಬಹುದು. ಉಳಿದವರು ಎಷ್ಟೇ ಚೆನ್ನಾಗಿ ಕೆಲಸ ಮಾಡಿರಲಿ, ಅವರಿಗೆ ಸಿಗುವುದು ನಡುವಿನ ಗುರುತು. ಕ್ಯಾಪ್ಟನ್ ಫೋನ್ ತೆಗೆದು ಒಂದು ವರದಿಯ ಕೊನೆಯ ಸಾಲು ತೋರಿಸಿದರು. "ಸಮಕಾಲೀನರ ಜೊತೆ ಬಡ್ತಿ ಕೊಡಬಹುದು" ಅಂತಿತ್ತು.

"ಇದರಲ್ಲೇನು ತಪ್ಪು?" ಅಂದೆ. ಹೊರಗಿನವಳಿಗೆ ಅದು ಒಳ್ಳೆಯ ಮಾತಿನ ಹಾಗೇ ಕಾಣುತ್ತದೆ.

"ನಿಜವಾಗಿ ಮೆಚ್ಚಿದವರಿಗೆ ಎಲ್ಲರಿಗಿಂತ ಮೊದಲು ಕೊಡಿ ಅಂತ ಬರೀತಾರೆ ಮ್ಯಾಮ್. ಇದು ಸುಮ್ನೆ ಬರೆದ ಸಾಲು. ಬೋರ್ಡ್‌ನಲ್ಲಿ ಕೂತವರಿಗೆ ನೋಡಿದ ತಕ್ಷಣ ಗೊತ್ತಾಗುತ್ತೆ."

ಇಂಥ ಹೊತ್ತಿನಲ್ಲಿ "ನಿಮಗೇನೂ ಆಗಲ್ಲ, ಧೈರ್ಯವಾಗಿರಿ" ಅಂತ ಹೇಳಿಬಿಡುವುದು ಸುಲಭ. ಮನೆಯವರು, ಸ್ನೇಹಿತರು ಎಲ್ಲರೂ ಅದನ್ನೇ ಹೇಳುತ್ತಾರೆ. ನಾನು ಹೇಳುವುದಿಲ್ಲ. ಅದು ನನಗೆ ಗೊತ್ತಿಲ್ಲದ ವಿಷಯ. ಕ್ಯಾಪ್ಟನ್‌ಗೂ ಅದು ನನಗೆ ಗೊತ್ತಿಲ್ಲ ಅಂತ ಗೊತ್ತು. ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಹೇಳಿದ ಮೇಲೆ ನಾನು ಹೇಳುವ ಬೇರೆ ಯಾವ ಮಾತನ್ನೂ ಅವರು ನಂಬಬೇಕಾಗಿಲ್ಲ ಅಲ್ವಾ? "ತೆಗೆಯುವವರ ಪಟ್ಟಿಯಲ್ಲಿ ನಿಮ್ಮ ಹೆಸರು ಬರಬಹುದು, ಬರದೇ ಇರಬಹುದು. ಎರಡಕ್ಕೂ ನಾವು ತಯಾರಾಗೋಣ" ಅಂದೆ. ಅವರ ಭುಜ ಸ್ವಲ್ಪ ಇಳಿಯಿತು. ಯಾರೋ ಒಬ್ಬರಾದರೂ ಸಮಾಧಾನ ಮಾಡಲು ಬರದೇ ಇದ್ದದ್ದು ಅವರಿಗೆ ಹಗುರವೆನಿಸಿರಬೇಕು.

ಇನ್ನೊಂದು ಪ್ರಶ್ನೆಯನ್ನೂ ಅದೇ ದಿನ ನೇರವಾಗಿ ಕೇಳಿದೆ. ಸಾಯಬೇಕು ಅಂತ ಅನ್ನಿಸಿದೆಯಾ?

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. "ಸಾಯಬೇಕು ಅಂತಲ್ಲ. ಅಫ್ಘಾನಿಸ್ತಾನದಲ್ಲೇ ಹೋಗಿಬಿಟ್ಟಿದ್ದರೆ ಇವರಿಗೆ ವಿಮೆಯ ನಾಲ್ಕು ಲಕ್ಷ ಡಾಲರ್ ಆದರೂ ಸಿಗುತ್ತಿತ್ತು ಅಂತ ಒಂದೆರಡು ಸಲ ಲೆಕ್ಕ ಹಾಕಿದ್ದೀನಿ."

ಇಂಥ ಲೆಕ್ಕವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸದ್ಯಕ್ಕೆ ಯೋಜನೆಯೇನೂ ಇಲ್ಲ ಅಂತ ಕೇಳಿ ಕೇಳಿ ಖಚಿತ ಮಾಡಿಕೊಂಡೆ. ಮನೆಯಲ್ಲಿದ್ದ ಪಿಸ್ತೂಲನ್ನು ಬೇಸಿಗೆ ಮುಗಿಯುವ ತನಕ ನಂಬಿಕೆಯ ಗೆಳೆಯನ ಬೀರುವಿನಲ್ಲಿ ಇಡಲು ಒಪ್ಪಿಸಿದೆ. ಮನಸ್ಸು ಕೈತಪ್ಪುತ್ತಿದೆ ಅನ್ನಿಸಿದರೆ ರಾತ್ರಿ ಎಷ್ಟೊತ್ತಾದರೂ ಯಾರಿಗೆ ಫೋನ್ ಮಾಡಬೇಕು ಅಂತ ಹೆಸರು ಹೆಸರಾಗಿ ಬರೆಸಿದೆ. ನಿದ್ದೆಗೆ ಮತ್ತು ಹೆಚ್ಚುತ್ತಿದ್ದ ಕುಡಿತಕ್ಕೆ ಡಾಕ್ಟರನ್ನು ಕಾಣಲು ಹೇಳಿದೆ. ಕಂಡರು. ಮುಂದಿನ ಎಲ್ಲ ಭೇಟಿಗಳಲ್ಲೂ ಈ ಪ್ರಶ್ನೆಯನ್ನು ಮತ್ತೆ ಕೇಳಿದ್ದೇನೆ. ಕೆಲಸದ ಚಿಂತೆ ಹೊತ್ತು ಬಂದವರನ್ನು ಕೆಲಸದ ಬಗ್ಗೆ ಮಾತ್ರ ಕೇಳಿ ಕಳಿಸಬಾರದು.

ಹೆಂಡತಿಗೆ ಹೇಳಿದ್ದೀರಾ ಅಂದಾಗ ತಲೆ ತಗ್ಗಿಸಿದರು. ಬೋರ್ಡ್ ವಿಷಯವನ್ನೇ ಹೇಳಿರಲಿಲ್ಲ. ಗಂಡ ರಾತ್ರಿ ಎದ್ದು ಫೋನ್ ನೋಡುವುದು, ಮಗಳ ಮೇಲೆ ರೇಗುವುದು, ಕೇಳಿದರೆ ಏನಿಲ್ಲ ಅನ್ನುವುದು, ಇದಿಷ್ಟು ಕಂಡ ಹೆಂಡತಿ ಏನು ಅಂದುಕೊಂಡಿರಬೇಕು? ಬೇರೆ ಹೆಣ್ಣಿನ ಸಹವಾಸ, ಇಲ್ಲವೇ ಯುದ್ಧದ ಗಾಯ ಈಗ ಮೇಲೆ ಬರುತ್ತಿದೆ ಅಂತ ಅವರು ಅಂದುಕೊಂಡಿದ್ದರು. ಆಮೇಲೆ ಅವರೇ ನನಗೆ ಹೇಳಿದ್ದು. ಇದರ ಮೇಲೆ ಆ ದಂಪತಿ ಮನೆ ಕೊಳ್ಳುವವರಿದ್ದರು. ಸಾಲದ ಕಾಗದ ತಯಾರಾಗಿತ್ತು. ನಿಲ್ಲಿಸೋಣ ಅಂದರೆ ಕಾರಣ ಹೇಳಬೇಕಾಗುತ್ತದೆ ಅಂತ ಕ್ಯಾಪ್ಟನ್ ಸಹಿ ಮಾಡಲು ಹೊರಟಿದ್ದರು.

"ಈ ವಾರ ನೀವು ಮಾಡಬೇಕಾದ ಮೊದಲ ಕೆಲಸ ಹೆಂಡತಿಗೆ ಹೇಳುವುದು. ಎರಡನೆಯದು ಮನೆಯ ಕಾಗದವನ್ನು ಮುಂದೂಡುವುದು" ಅಂದೆ. ಆಪ್ತಸಲಹೆಯಲ್ಲಿ ನಾವು ಹೀಗೆ ಮಾಡಿ ಅಂತ ನೇರವಾಗಿ ಹೇಳುವುದು ಕಡಿಮೆ. ಆದರೆ ಕೂಡಲೇ ನಷ್ಟವಾಗುವ ಕೆಲಸವೊಂದು ಕಣ್ಣೆದುರಿಗಿದ್ದಾಗ "ನಿಮಗೆ ಏನನಿಸುತ್ತದೆ" ಅಂತ ಕೇಳುತ್ತ ಕೂರುವುದು ನನಗೆ ಸರಿ ಕಾಣುವುದಿಲ್ಲ.

ರಾಜೀನಾಮೆಯ ಮಾತು

ಎರಡನೇ ಭೇಟಿಗೆ ಬಂದಾಗ ಕ್ಯಾಪ್ಟನ್ ಕೈಯಲ್ಲಿ ಒಂದು ಕಾಗದವಿತ್ತು. ರಾಜೀನಾಮೆ ಪತ್ರದ ಕರಡು. "ಅವರು ತೆಗೆದುಹಾಕುವ ಮೊದಲು ನಾನೇ ಹೋಗ್ತೀನಿ. ಮರ್ಯಾದೆಯಾದರೂ ಉಳಿಯುತ್ತೆ."

ಇವರ ಸೋದರಮಾವನ ಕಥೆ ಆಗ ಗೊತ್ತಾಯಿತು. ವಿಯೆಟ್ನಾಂ ಯುದ್ಧದಲ್ಲಿ ಆತ ಕ್ಯಾಪ್ಟನ್. ಯುದ್ಧದ ಬಿಸಿ ಏರಿದ್ದ 1968ರಲ್ಲಿ ಸೇನೆಯಲ್ಲಿ 15 ಲಕ್ಷಕ್ಕೂ ಜಾಸ್ತಿ ಜನರಿದ್ದರು. 1970ರ ದಶಕದ ಮಧ್ಯದ ಹೊತ್ತಿಗೆ 8 ಲಕ್ಷದೊಳಗೆ ಇಳಿದಿತ್ತು. ಆ ಕಡಿತದಲ್ಲಿ ಮಾವನ ಹುದ್ದೆ ಹೋಯಿತು. ಪಿಂಚಣಿಗೆ ಬೇಕಾದ 20 ವರ್ಷ ತುಂಬಿಸಲು ಆತ ಸಾರ್ಜೆಂಟ್ ಆಗಿ ಮತ್ತೆ ಸೇರಿದ. ನಿನ್ನೆ ತನಕ ತನಗೆ ಸೆಲ್ಯೂಟ್ ಹೊಡೆದವರಿಗೆ ತಾನೇ ಸೆಲ್ಯೂಟ್ ಹೊಡೆದ. ಆ ಕಾಲದಲ್ಲಿ ಹಾಗೆ ಹಿಂದಕ್ಕೆ ಹೋದ ಅಧಿಕಾರಿಗಳು ಹಲವರು. ಹಬ್ಬದೂಟಕ್ಕೆ ಎಲ್ಲರೂ ಸೇರಿದಾಗ ಆತ ಇದರ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲವಂತೆ. ಆ ಮೌನವನ್ನು ನೋಡುತ್ತ ಬೆಳೆದವರು ಕ್ಯಾಪ್ಟನ್. ರಾಜೀನಾಮೆ ಪತ್ರ ಬರೆಸಿದ್ದು ಆ ಮೌನ.

ಭಾವನೆಯ ಮಾತು ಆಮೇಲೆ ಆಡೋಣ, ಮೊದಲು ಲೆಕ್ಕ ನೋಡೋಣ ಅಂದೆ. ಸೇನೆಯೇ ತೆಗೆದುಹಾಕಿದರೆ ಬೇರ್ಪಡೆ ಹಣ, ಅಂದರೆ ಸೇವೆಯಿಂದ ಕಳಿಸುವಾಗ ಒಟ್ಟಿಗೆ ಕೊಡುವ ಮೊತ್ತ, ಸಿಗುತ್ತದೆ. ತಾನಾಗಿ ರಾಜೀನಾಮೆ ಕೊಟ್ಟು ಹೋದವರಿಗೆ ಅದಿಲ್ಲ. ತಿಂಗಳ ಮೂಲ ವೇತನವನ್ನು 12ರಿಂದ ಗುಣಿಸಿ, ಅದನ್ನು ಸೇವೆಯ ವರ್ಷಗಳಿಂದ ಗುಣಿಸಿ, ಬಂದಿದ್ದರಲ್ಲಿ ಶೇಕಡಾ 10. ಮೂಲ ವೇತನ 6,000 ಡಾಲರ್, ಸೇವೆ 13 ವರ್ಷ ಅಂತಿಟ್ಟುಕೊಂಡರೆ 93,600 ಡಾಲರ್ ಆಗುತ್ತದೆ. ಸಿಪಾಯಿಯಾಗಿ ದುಡಿದ ವರ್ಷಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಒತ್ತಾಯದಿಂದ ಹೊರಹೋದವರಿಗೆ, ಅವರ ಮನೆಯವರಿಗೆ 180 ದಿನ ವೈದ್ಯಕೀಯ ಸೌಲಭ್ಯವೂ ಮುಂದುವರಿಯುತ್ತದೆ. ಮರ್ಯಾದೆ ಉಳಿಸಿಕೊಳ್ಳಲು ಇಷ್ಟನ್ನು ಬಿಟ್ಟು ಹೋಗುತ್ತೀರಾ? ಹೆಂಡತಿಯನ್ನು ಕೇಳಿದ್ದೀರಾ?

ಕ್ಯಾಪ್ಟನ್ ಪತ್ರವನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಹರಿದು ಹಾಕಲಿಲ್ಲ. ಹರಿಯಿರಿ ಅಂತ ನಾನೂ ಹೇಳಲಿಲ್ಲ. ಅದು ಜೇಬಿನಲ್ಲಿದ್ದರೆ ತನ್ನ ಕೈಯಲ್ಲೂ ಏನೋ ಇದೆ ಅನ್ನುವ ಧೈರ್ಯ ಇರುತ್ತದೆ. ಆಗಸ್ಟ್ ತನಕ ಕೊಡುವುದಿಲ್ಲ ಅಂತ ಮಾತ್ರ ಮಾತು ತೆಗೆದುಕೊಂಡೆ.

ಬೇರ್ಪಡೆ ಹಣದ ಬಗ್ಗೆ ಇನ್ನೊಂದು ಮಾತನ್ನೂ ಹೇಳಲೇಬೇಕಿತ್ತು. ಅಷ್ಟು ದೊಡ್ಡ ಚೆಕ್ ನೋಡಿದವರು ಅದು ಪೂರ್ತಿ ತಮ್ಮದು ಅಂದುಕೊಳ್ಳುತ್ತಾರೆ. ತೆರಿಗೆ ಮೊದಲೇ ಮುರಿದುಕೊಳ್ಳುತ್ತಾರೆ. ಮುಂದೆ ಯುದ್ಧದ ಗಾಯಕ್ಕೆ ಅಂಗವೈಕಲ್ಯ ಪರಿಹಾರ ಸಿಕ್ಕರೆ, ಇಲ್ಲವೇ ಸೇನೆಯಿಂದಲೇ ಪಿಂಚಣಿ ಬಂದರೆ, ಈ ಹಣವನ್ನು ಅದರಲ್ಲಿ ಹಿಡಿದುಕೊಳ್ಳುತ್ತಾರೆ. ಮೂರು ವರ್ಷ ಮೀಸಲು ಪಡೆಯಲ್ಲಿರಲು ಒಪ್ಪಿ ಸಹಿಯನ್ನೂ ಹಾಕಬೇಕು. ಇವರ ಮೊಣಕಾಲು ಮತ್ತು ಕಿವಿ ಎರಡೂ ಯುದ್ಧದಲ್ಲಿ ಕೆಟ್ಟಿದ್ದವು, ಪರಿಹಾರ ಬರುವ ಸಾಧ್ಯತೆ ಇತ್ತು. ಹಾಗಾಗಿ ಆ ಚೆಕ್ಕನ್ನು ನಂಬಿ ಹೊಸ ಟ್ರಕ್ ಕೊಳ್ಳಬೇಡಿ, ಕೆಲಸ ಹುಡುಕುವ ತಿಂಗಳುಗಳ ಅನ್ನಕ್ಕೆ ಅಂತ ಇಟ್ಟುಕೊಳ್ಳಿ ಅಂದೆ. ಈ ವಿವರಗಳನ್ನು ನೆಲೆಯ ಹಣಕಾಸು ಸಲಹೆಗಾರರಿಂದ ಬರವಣಿಗೆಯಲ್ಲಿ ಪಡೆಯಲೂ ಹೇಳಿದೆ. ನನ್ನ ಬಾಯಿಮಾತು ಸಾಲದು.

ಕಡತ ಮತ್ತು ಫೋಟೋ

ಬೋರ್ಡ್ ಕೂರಲು ಸ್ವಲ್ಪವೇ ದಿನ ಉಳಿದಿತ್ತು. ಬೋರ್ಡ್‌ನವರು ಅಧಿಕಾರಿಯನ್ನು ಎದುರಿಗೆ ಕರೆಸುವುದಿಲ್ಲ. ಆಗ ವರದಿಗಳು, ಸೇವಾ ವಿವರದ ಒಂದು ಹಾಳೆ, ಸಮವಸ್ತ್ರದಲ್ಲಿ ತೆಗೆಸಿದ ಒಂದು ಫೋಟೋ, ಇಷ್ಟನ್ನೇ ನೋಡಿ ತೀರ್ಮಾನಿಸುತ್ತಿದ್ದರು. ಇವರ ಫೋಟೋ ಅಫ್ಘಾನಿಸ್ತಾನಕ್ಕೆ ಹೋಗುವ ಮುಂಚಿನದು. ಅಲ್ಲಿ ಗಳಿಸಿದ ಪದಕ ಅದರಲ್ಲಿರಲಿಲ್ಲ. ಇಷ್ಟು ದಿನ ರಾತ್ರಿಯೆಲ್ಲ ವರದಿ ಓದಿದವರು ಹೊಸ ಫೋಟೋ ತೆಗೆಸಿರಲಿಲ್ಲ!

ಭಯ ಜನರನ್ನು ಹೀಗೇ ಮಾಡುತ್ತದೆ. ಕೈಯಲ್ಲಿಲ್ಲದ್ದರ ಸುತ್ತ ತಿರುಗಿಸುತ್ತದೆ, ಕೈಯಲ್ಲಿರುವುದನ್ನು ಮುಟ್ಟಗೊಡುವುದಿಲ್ಲ. ಬರೆದು ಮುಗಿದ ವರದಿಯ ಸಾಲನ್ನು ಅವರು ಬದಲಿಸುವಂತಿರಲಿಲ್ಲ. ಫೋಟೋ ಬದಲಿಸಬಹುದಿತ್ತು. ಕಡತಕ್ಕೆ ಸೇರದೇ ಉಳಿದ ಪ್ರಶಸ್ತಿ ಪತ್ರ ಸೇರಿಸಬಹುದಿತ್ತು. ಬೋರ್ಡ್ ಅಧ್ಯಕ್ಷರಿಗೆ ಒಂದು ಚಿಕ್ಕ ಪತ್ರ ಬರೆಯಬಹುದಿತ್ತು. ಒಂದು ವಾರ ಪೂರ್ತಿ ಇದನ್ನೇ ಮಾಡಿ, ಆಮೇಲೆ ಕಡತ ಮುಚ್ಚಿಬಿಡಿ, ಮತ್ತೆ ತೆರೆಯಬೇಡಿ ಅಂದೆ.

ಅವರು ಊಟದ ಮೇಜಿನ ಮೇಲೆ ಸಮವಸ್ತ್ರ ಹರಡಿ, ಸ್ಕೇಲ್ ಹಿಡಿದು ಪದಕದ ಪಟ್ಟಿಗಳನ್ನು ಅಳೆದು ಅಳೆದು ಕೂರಿಸುತ್ತಿದ್ದಾಗ ಮಗಳು ಬಂದಳಂತೆ. "ಅಪ್ಪಾ, ಮತ್ತೆ ಯುದ್ಧಕ್ಕೆ ಹೋಗ್ತೀಯಾ?" ಅಂದಳಂತೆ. ಇಲ್ಲಮ್ಮ, ಫೋಟೋ ತೆಗೆಸೋಕೆ ಅಂದರೆ ನಂಬಲಿಲ್ಲ. ಆ ಮಗು ನೋಡಿದಂತೆ ಮೇಜಿನ ಮೇಲೆ ಸಮವಸ್ತ್ರ ಬಂದಾಗಲೆಲ್ಲ ಅಪ್ಪ ಹೊರಟಿದ್ದಾನೆ. ಅಡುಗೆಮನೆಯಲ್ಲಿದ್ದ ಹೆಂಡತಿಗೆ ಇದು ಕೇಳಿಸಿತು. ಕ್ಯಾಪ್ಟನ್ ಎಲ್ಲವನ್ನೂ ಹೇಳಿದ್ದು ಆ ರಾತ್ರಿ.

ಹೆಂಡತಿ ಅಳಬಹುದು, ಇಲ್ಲವೇ ಮುಚ್ಚಿಟ್ಟಿದ್ದಕ್ಕೆ ಕೂಗಾಡಬಹುದು ಅಂತ ಅವರು ಎಣಿಸಿದ್ದರು. ಹೆಂಡತಿ ಹೇಳಿದ್ದೇ ಬೇರೆ. "ಅಂದರೆ ನೀನು ಮನೆಯಲ್ಲೇ ಇರ್ತೀಯಾ?"

ಆ ಮಾತು ಕ್ಯಾಪ್ಟನ್‌ಗೆ ಚೂರಿ ಹಾಕಿದಂತಾಯಿತು. ಮುಂದಿನ ಭೇಟಿಗೆ ಇಬ್ಬರೂ ಬಂದರು. "ನಾನು ಎಲ್ಲ ಕಳೆದುಕೊಳ್ತಾ ಇದ್ದೀನಿ, ಇವಳಿಗೆ ಖುಷಿ" ಅಂತ ಅವರು. "ಎಷ್ಟು ಊರು ಬದಲಿಸಿದೆವು, ಲೆಕ್ಕ ಇದೆಯಾ? ಒಂದು ಕಡೆಯಾದರೂ ನನ್ನ ನರ್ಸಿಂಗ್ ಓದು ಮುಗಿಸೋಕೆ ಆಯ್ತಾ? ನಿನ್ನ ಕೆಲಸ ಹೋಗಲಿ ಅಂತ ನಾನು ಬಯಸಿಲ್ಲ. ಹೋದರೆ ಸತ್ತುಹೋಗ್ತೀವಿ ಅಂತಲೂ ಅನ್ನಿಸ್ತಿಲ್ಲ" ಅಂತ ಅವರ ಹೆಂಡತಿ.

ನಾನು ಇಬ್ಬರ ನಡುವೆ ತೀರ್ಪು ಕೊಡಲು ಹೋಗಲಿಲ್ಲ. ಒಂದೇ ಸುದ್ದಿ ಒಂದೇ ಮನೆಯ ಇಬ್ಬರಿಗೆ ಎರಡು ಥರ ಮುಟ್ಟುತ್ತದೆ. ಗಂಡನ ದುಃಖಕ್ಕೂ ಜಾಗ ಬೇಕು, ಹೆಂಡತಿಯ ನೆಮ್ಮದಿಯ ನಿಟ್ಟುಸಿರಿಗೂ ಜಾಗ ಬೇಕು. ಹದಿನೈದು ನಿಮಿಷ ಒಬ್ಬರು ಮಾತಾಡುವುದು, ಇನ್ನೊಬ್ಬರು ಉತ್ತರ ಕೊಡದೆ ಕೇಳುವುದು, ಆಮೇಲೆ ಅದಲುಬದಲು. ವಾರಕ್ಕೆ ಎರಡು ಸಲ ಹೀಗೆ ಕೂರಲು ಹೇಳಿದೆ. ಉಳಿದ ಹೊತ್ತಿನಲ್ಲಿ ಕಡಿತದ ಮಾತು ಮನೆಯೊಳಗೆ ಬೇಡ. ಗಾಳಿಸುದ್ದಿ ತರುವ ಗೆಳೆಯರ ಸಂದೇಶಗಳನ್ನು ಶನಿವಾರ ಒಂದು ಸಲ ಮಾತ್ರ ನೋಡುವುದು.

ತಯಾರಿಯೂ ದ್ರೋಹ ಅನ್ನಿಸಿದಾಗ

ಇನ್ನೊಂದು ಕೆಲಸಕ್ಕೆ ತಯಾರಾಗಲು ಕ್ಯಾಪ್ಟನ್ ಒಪ್ಪುತ್ತಲೇ ಇರಲಿಲ್ಲ. ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದು. ಒಂದು ರೆಸ್ಯೂಮೆ ಬರೆಯಿರಿ ಅಂದರೆ "ಹಾಗೆ ಮಾಡಿದರೆ ನಾನೇ ಮನಸ್ಸಿನಲ್ಲಿ ಹೊರಗೆ ಹೋದ ಹಾಗೆ. ನನ್ನ ಕೈಕೆಳಗಿನ ಹುಡುಗರಿಗೆ ಮುಖ ತೋರಿಸೋದು ಹೇಗೆ?" ಅನ್ನುತ್ತಿದ್ದರು. ಸೇನೆಯಲ್ಲಿ ಬೆಳೆದವರಲ್ಲಿ ಈ ಭಾವ ಬಹಳ ಆಳವಾಗಿರುತ್ತದೆ. ಹೊರಗಿನವರು ಇದನ್ನು ಹಟ ಅಂದುಕೊಳ್ಳುತ್ತಾರೆ. ಹಟವಲ್ಲ, ನಿಷ್ಠೆ. ಅದನ್ನು ಗೌರವಿಸದೆ ಮುಂದಕ್ಕೆ ಹೋಗಲಾಗುವುದಿಲ್ಲ.

ಹಾಗಾಗಿ ಅವರ ಕಸುಬಿನ ಬಗ್ಗೆಯೇ ಕೇಳಿದೆ. ಅಫ್ಘಾನಿಸ್ತಾನದಲ್ಲಿ ಒಂದು ಹಳ್ಳಿಗೆ ಹೋಗುವ ಮುನ್ನ ಎಷ್ಟು ಯೋಜನೆ ಮಾಡುತ್ತಿದ್ದಿರಿ? ಮುಖ್ಯ ಯೋಜನೆ ಒಂದು, ಅದು ಕೈಕೊಟ್ಟರೆ ಬ್ರ್ಯಾಂಚ್ ಪ್ಲಾನ್ ಇದ್ದೇ ಇರುತ್ತಿತ್ತು ಅಂದರು. ಬ್ರ್ಯಾಂಚ್ ಪ್ಲಾನ್ ಮಾಡಿದ್ದಕ್ಕೆ ಮುಖ್ಯ ಯೋಜನೆಯಲ್ಲಿ ನಿಮಗೆ ನಂಬಿಕೆ ಇಲ್ಲ ಅಂತ ಯಾರಾದರೂ ಅಂದರಾ? ನಕ್ಕರು. "ಮಾಡದೆ ಹೋಗಿದ್ದರೆ ನನ್ನನ್ನೇ ತೆಗೆದುಹಾಕುತ್ತಿದ್ದರು ಮ್ಯಾಮ್."

ಮುಂದಿನ ವಾರ ಒಂದು ದಪ್ಪ ನೋಟ್‌ಬುಕ್ ತಂದರು. ಸೇನೆಯ ಆದೇಶ ಬರೆಯುವ ಧಾಟಿಯಲ್ಲೇ ಮನೆಯ ಯೋಜನೆ. ಪರಿಸ್ಥಿತಿ, ಗುರಿ, ಮಾಡುವ ಬಗೆ, ಸಾಮಗ್ರಿ, ಯಾರು ಯಾರಿಗೆ ವರದಿ ಮಾಡಬೇಕು. ಕೊನೆಯದರಲ್ಲಿ ತಮ್ಮ ಹೆಸರಿನ ಮೇಲೆ ಹೆಂಡತಿಯ ಹೆಸರಿತ್ತು.

ಹೆಸರು ಬರದಿದ್ದರೆ ಏನು ಅನ್ನುವ ಭಾಗ ಚಿಕ್ಕದಿತ್ತು. ಆದರೆ ಅದೂ ಬೇಕೇ ಬೇಕು ಅಂತ ನಾನು ಒತ್ತಿ ಹೇಳಿದ್ದೆ. ಈ ಬೋರ್ಡ್‌ನಿಂದ ಉಳಿದರೂ ಮುಂದೆ ಮೇಜರ್ ಬಡ್ತಿಯ ಬೋರ್ಡ್ ಇದೆ. ಅದರಲ್ಲಿ ಎರಡು ಸಲ ಬಡ್ತಿ ತಪ್ಪಿದರೆ ಸಾಮಾನ್ಯವಾಗಿ ಹೊರಗೆ. ಈ ಬೇಸಿಗೆ ದಾಟಿದರೆ ಎಲ್ಲ ಸರಿ ಅಂತ ಅಂದುಕೊಂಡಿದ್ದರೆ ಮತ್ತೆ ಇದೇ ರಾತ್ರಿಗಳು ಬರುತ್ತಿದ್ದವು.

ಹೆಸರು ಬಂದರೆ ಅನ್ನುವ ಭಾಗದಲ್ಲಿ ನಾವು ಜಾಸ್ತಿ ಹೊತ್ತು ಕಳೆದೆವು. ಆಗಿನ ನಿಯಮದಲ್ಲಿ 20 ವರ್ಷ ತುಂಬದೆ ಪಿಂಚಣಿ ಇಲ್ಲ. ಹೊರಬರುವ ಹೊತ್ತಿಗೂ ಇವರಿಗೆ ಇನ್ನೂ ಏಳು ವರ್ಷ ಬೇಕಾಗುತ್ತಿತ್ತು. ಕಡಿತದ ಕಾಲಕ್ಕೆಂದೇ ತಂದಿದ್ದ ಅವಧಿಪೂರ್ವ ನಿವೃತ್ತಿಗೆ 15 ವರ್ಷವಾದರೂ ಆಗಿರಬೇಕು. ಅದೂ ಇರಲಿಲ್ಲ. ಉಳಿದ ದಾರಿ ನ್ಯಾಷನಲ್ ಗಾರ್ಡ್, ಅಂದರೆ ರಾಜ್ಯ ಮಟ್ಟದ ಅರೆಕಾಲಿಕ ಸೇನೆ. ಇಲ್ಲಿ ದುಡಿದ ವರ್ಷಗಳು ಅಲ್ಲಿಯೂ ಎಣಿಕೆಗೆ ಬರುತ್ತವೆ. ಒಟ್ಟು 20 ಅರ್ಹ ವರ್ಷಗಳಾದರೆ ಸಾಮಾನ್ಯವಾಗಿ 60ನೇ ವಯಸ್ಸಿಗೆ ಪಿಂಚಣಿ. ಮೀಸಲು ಪಡೆಯ ಮೂರು ವರ್ಷದ ಕರಾರೂ ಇದರಲ್ಲೇ ತೀರುತ್ತದೆ. ಸಮವಸ್ತ್ರ ಪೂರ್ತಿ ಬಿಡಬೇಕಾಗಿಲ್ಲ ಅನ್ನುವುದು ಕ್ಯಾಪ್ಟನ್‌ಗೆ ದೊಡ್ಡ ಬಲ ಕೊಟ್ಟಿತು. ಹಣಕ್ಕಿಂತ ಆ ಬಲವೇ ಹೆಚ್ಚು ಅಂತ ನನಗನ್ನಿಸಿತು.

ಮಕ್ಕಳ ಓದಿನ ವಿಷಯ ಅವರ ಹೆಂಡತಿ ಎತ್ತಿದರು. ಸೈನಿಕರಿಗೆ ಸಿಗುವ ಶಿಕ್ಷಣ ಸೌಲಭ್ಯವನ್ನು ಹೆಂಡತಿ ಮಕ್ಕಳಿಗೆ ವರ್ಗಾಯಿಸಬಹುದು, ಆದರೆ ಸೇವೆಯಲ್ಲಿರುವಾಗಲೇ ಮಾಡಬೇಕು, ಹೊರಬಂದ ಮೇಲೆ ಆಗುವುದಿಲ್ಲ. ಇವರು ಮಾಡಿರಲಿಲ್ಲ. ಷರತ್ತುಗಳನ್ನು ಮಾನವ ಸಂಪನ್ಮೂಲ ಕಚೇರಿಯಲ್ಲಿ ಆ ವಾರವೇ ಕೇಳಿ ಅಂತ ಕಳಿಸಿದೆ. ಸೇವೆ ಬಿಡುವವರಿಗೆ 2011ರ ಕಾನೂನಿನಿಂದ ಕಡ್ಡಾಯವಾದ ಪೂರ್ವತಯಾರಿ ತರಗತಿಗಳಿವೆ. ಅವನ್ನು ಕೊನೆಯ ತಿಂಗಳಿಗೆ ಇಟ್ಟುಕೊಂಡರೆ ಹಾಜರಿ ಹಾಕಿಸಿಕೊಂಡು ಬರುವುದಷ್ಟೇ ಆಗುತ್ತದೆ ಅಂತಲೂ ಹೇಳಿದೆ.

ರೆಸ್ಯೂಮೆ ಬರೆಯುವುದು ತಮಾಷೆಯ ಕೆಲಸವಾಗಿರಲಿಲ್ಲ. "ಕಂಪನಿ ಕಮಾಂಡರ್" ಅಂತ ಬರೆದರೆ ಹೊರಗಿನ ಯಜಮಾನರಿಗೆ ಏನೂ ತಿಳಿಯದು. ಏನು ಮಾಡುತ್ತಿದ್ದಿರಿ, ಸೇನೆಯ ಒಂದು ಮಾತೂ ಬಳಸದೆ ಹೇಳಿ ಅಂದೆ. ನೂರಮೂವತ್ತು ಜನರ ಸಂಬಳ, ರಜೆ, ತರಬೇತಿ, ಜಗಳ, ಕಾಯಿಲೆ. ಲಕ್ಷಾಂತರ ಡಾಲರ್ ಬೆಲೆಯ ಸಲಕರಣೆಗಳಿಗೆ ತನ್ನ ಸಹಿ, ತಿಂಗಳಿಗೊಮ್ಮೆ ಎಣಿಕೆ. ರಸ್ತೆಯೇ ಇಲ್ಲದ ಕಡೆ ನೀರು, ಊಟ, ಡೀಸೆಲ್ ಸಮಯಕ್ಕೆ ಮುಟ್ಟಿಸುವುದು. ಹೇಳುತ್ತ ಹೇಳುತ್ತ ಅವರ ಬೆನ್ನು ನೆಟ್ಟಗಾಯಿತು. ಇಷ್ಟು ದಿನ ಆ ಒಂದು ಸಾಲು ಓದಿ ಓದಿ ತಾನು ಮಾಡಿದ್ದು ಏನೂ ಇಲ್ಲ ಅಂದುಕೊಂಡಿದ್ದವರು ಇವರೇ.

ಫಲಿತಾಂಶ

ಜುಲೈಯಲ್ಲಿ ಹಿರಿಯ ಅಧಿಕಾರಿಯೊಬ್ಬರು ಕರೆಸಿ ಹೇಳಿದರು. ಹೆಸರು ಬಂದಿತ್ತು. ಆ ಬೇಸಿಗೆಯಲ್ಲಿ ಸೇನೆ 1,100ಕ್ಕೂ ಹೆಚ್ಚು ಕ್ಯಾಪ್ಟನ್‌ಗಳನ್ನು, ಸುಮಾರು 550 ಮೇಜರ್‌ಗಳನ್ನು ಬಿಡುಗಡೆಗೆ ಆರಿಸಿತು. ಕೆಲವರಿಗೆ ಅಫ್ಘಾನಿಸ್ತಾನದ ಯುದ್ಧಭೂಮಿಯಲ್ಲಿ ಇರುವಾಗಲೇ ಈ ಸುದ್ದಿ ಮುಟ್ಟಿತು. ಅದು ನನಗೆ ಈಗಲೂ ಒಪ್ಪಿಗೆಯಾಗದ ಕ್ರಮ. ಲೆಕ್ಕ ಎಷ್ಟೇ ಸರಿಯಿದ್ದರೂ ಜೀವ ಪಣಕ್ಕಿಟ್ಟು ನಿಂತವರಿಗೆ ಸುದ್ದಿ ಹೇಳಲು ಒಂದು ಹೊತ್ತು ಗೊತ್ತು ಇರಬೇಕು.

ಮರುದಿನವೇ ಕ್ಯಾಪ್ಟನ್ ಬಂದರು. ಅಳಲಿಲ್ಲ. ಕೋಪ ಇತ್ತು. "ನನಗಿಂತ ಕಡಿಮೆ ಮಾಡಿದವನು ಉಳಿದ" ಅಂದರು. ಇರಬಹುದು. ಕಾಗದ ನೋಡಿ ಮನುಷ್ಯರನ್ನು ಆರಿಸುವ ಕಡೆ ಹಾಗೆ ಆಗುತ್ತದೆ. ಸಂಖ್ಯೆ ಮೊದಲೇ ತೀರ್ಮಾನವಾಗಿದ್ದರೆ, ಎಲ್ಲರೂ ಯೋಗ್ಯರಾಗಿದ್ದರೂ ಅಷ್ಟು ಜನ ಹೋಗಲೇಬೇಕು. ಹಾಗಂತ ನಿಮ್ಮ ವರದಿಗಳಿಗೆ ಇದರಲ್ಲಿ ಪಾತ್ರವೇ ಇಲ್ಲ ಅಂತ ನಾನು ಹೇಳಲಿಲ್ಲ. ಎರಡೂ ನಿಜ. ಕೋಪವನ್ನು ಇಲ್ಲಿ ಎಷ್ಟು ಬೇಕಾದರೂ ಸುರಿಯಿರಿ, ಆ ಉಳಿದ ಗೆಳೆಯನ ಮೇಲೆ ಮಾತ್ರ ಬೇಡ, ಅವನೂ ಕಡತ ತೆರೆದು ನಿದ್ದೆಗೆಟ್ಟವನೇ ಅಂದೆ.

ಕೈಕೆಳಗಿನವರಿಗೆ ಹೇಗೆ ಹೇಳುವುದು ಅಂತ ಕೇಳಿದರು. ಗಾಳಿಸುದ್ದಿ ಮುಟ್ಟುವ ಮೊದಲು ನೀವೇ ಹೇಳಿ, ಎರಡೇ ಮಾತಿನಲ್ಲಿ ಹೇಳಿ, ವಿವರಣೆ ಕೊಡಬೇಡಿ, ಸೇನೆಯನ್ನು ಬೈಯಬೇಡಿ, ಹೊಗಳಲೂ ಬೇಡಿ ಅಂದೆ. ಮಗಳಿಗೆ ಹೆಂಡತಿಯೇ ಹೇಳಿದರಂತೆ.

ಪಿಸ್ತೂಲು ಇನ್ನಷ್ಟು ತಿಂಗಳು ಗೆಳೆಯನ ಹತ್ತಿರವೇ ಇರಲಿ ಅಂದೆ. ಒಪ್ಪಿದರು. ನೋಟ್‌ಬುಕ್ ಪ್ರಕಾರ ಒಂದೊಂದೇ ಕೆಲಸ ಮುಗಿಸುತ್ತ ಹೋದರು. 2015ರ ಆರಂಭದಲ್ಲಿ ಸೇವೆ ಮುಗಿಯಿತು. ನ್ಯಾಷನಲ್ ಗಾರ್ಡ್‌ಗೆ ಕ್ಯಾಪ್ಟನ್ ಆಗಿಯೇ ಸೇರಿದರು. ಹೊರಗಿನ ಕೆಲಸ ಬೇಗ ಸಿಗಲಿಲ್ಲ. ಆ ತಿಂಗಳುಗಳಲ್ಲಿ ಇಬ್ಬರಿಗೂ ಜಗಳವಾಯಿತು, ಬೇರ್ಪಡೆ ಹಣ ಕರಗಿತು, ಒಂದೆರಡು ವಾರ ಕುಡಿತವೂ ಮರಳಿ ಬಂತು. ಕೊನೆಗೆ ಸರಕು ಗೋದಾಮೊಂದರಲ್ಲಿ ಪಾಳಿಯ ಮೇಲ್ವಿಚಾರಕರಾದರು. ಹೆಂಡತಿ ನರ್ಸಿಂಗ್ ತರಗತಿಗೆ ಸೇರಿದರು.

2017ರ ಶುರುವಿನಲ್ಲಿ ಒಂದು ದಿನ ಕ್ಯಾಪ್ಟನ್ ಫೋನ್ ಮಾಡಿದರು. ಹಿಂದಿನ ಡಿಸೆಂಬರ್‌ನಲ್ಲಿ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಸೇನೆಯ ಕಡಿತವನ್ನು ನಿಲ್ಲಿಸಿ, ಸಂಖ್ಯೆಯನ್ನು 4,76,000ಕ್ಕೆ ನಿಗದಿ ಮಾಡುವ ಕಾನೂನಿಗೆ ಒಪ್ಪಿಗೆ ಕೊಟ್ಟಿತ್ತು. 4,50,000 ಅನ್ನುವ ಗುರಿ ಬದಿಗೆ ಸರಿದಿತ್ತು. "ಹಾಗಾದರೆ ನನ್ನನ್ನು ತೆಗೆದಿದ್ದು ಯಾಕೆ ಮ್ಯಾಮ್? ಈಗ ಪೂರ್ಣಕಾಲಿಕ ಸೇವೆಗೆ ವಾಪಸ್ ಅರ್ಜಿ ಹಾಕಲಾ?"

ಮೊದಲ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ ಅಂದೆ. ಎರಡನೆಯದಕ್ಕೆ ಮೂರು ವಿಷಯ ನೋಡಲು ಹೇಳಿದೆ. ಹೋಗಬೇಕು ಅನ್ನಿಸುತ್ತಿರುವುದು ಆ ಕೆಲಸದ ಪ್ರೀತಿಗೋ, ಅವತ್ತು ತೆಗೆದದ್ದು ತಪ್ಪು ಅಂತ ತೋರಿಸಲಿಕ್ಕೋ? ಹೆಂಡತಿಯ ಓದು ಮುಗಿಯಲು ಇನ್ನೆಷ್ಟು ದಿನ ಬೇಕು? ಮುಂದಿನ ಕಡಿತ ಬಂದಾಗ ಮತ್ತೆ ಇದೇ ಸಾಲಿನಲ್ಲಿ ನಿಲ್ಲಲು ಮನಸ್ಸಿದೆಯಾ? ಅರ್ಜಿ ಕೇಳಿದ ದಿನವೇ ಹಾಕಬೇಡಿ, ಇಬ್ಬರೂ ಹಳೆಯ ಹದಿನೈದು ನಿಮಿಷದ ಕ್ರಮದಲ್ಲಿ ಕೂತು ಮಾತಾಡಿ ಅಂದೆ.

ಎರಡು ವಾರ ಬಿಟ್ಟು ಅವರ ಹೆಂಡತಿ ಮಾತಾಡಿದರು. ತಮ್ಮ ಓದು ಮುಗಿಯುವ ತನಕ ಅರ್ಜಿ ಹಾಕುವುದಿಲ್ಲ, ಆಮೇಲೂ ಅವರಿಗೆ ಆಸೆ ಇದ್ದರೆ ತಾವು ಅಡ್ಡ ಬರುವುದಿಲ್ಲ, ಹಾಗಂತ ಇಬ್ಬರೂ ಒಪ್ಪಿ ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿದ್ದಾರಂತೆ.